ಹಾಜರಿಯ ಅರಬ್ಬಿ, ಬಜಾರಿನ ಅರಬ್ಬಿ

ನಮ್ಮ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆ ಅರಬ್ಬಿ ಕಲಿಯುವವರು ಎರಡು ತರಹ. ಒಂದು, ಮಸೀದಿಯ ಮಕ್ತಬದಲ್ಲಿ ಅಲಿಫ್, ಬೇ ಎಂದು ಶುರು ಮಾಡಿ ಕುರಾನ್ ಓದಲು ಕಲಿಯುವ ಮಕ್ಕಳು. ಇನ್ನೊಂದು, ಪಾಸ್‌ಪೋರ್ಟ್ ಮಾಡಿಸಿಕೊಂಡು ದುಬೈ, ರಿಯಾದ್, ಮಸ್ಕತ್ ಅಂತ ಹೊರಟು ಅಲ್ಲಿ ಹೋದ ಮೇಲೆ ಬಾಯಿಂದ ಬಾಯಿಗೆ ಕಲಿಯುವ ಹುಡುಗರು. ಇವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. ಮೊದಲನೆಯವರಿಗೆ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ. ಎರಡನೆಯವರಿಗೆ ಮಾತು ಬರುತ್ತದೆ, ಒಂದಕ್ಷರ ಓದಲು ಬರುವುದಿಲ್ಲ. ಸೌದಿಯಲ್ಲಿ ಗಾಡಿ ಓಡಿಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಕ್ತಬದಲ್ಲೂ ಕಲಿತವನು. ಅವನು ಒಮ್ಮೆ ಹೇಳಿದ್ದ: "ಸರ, ಇಲ್ಲಿ ಕಲ್ತಿದ್ದು ಅಲ್ಲಿ ಅಂಗಡ್ಯಾಗ ನಡೆಯಂಗಿಲ್ರಿ. ಅಂಗಡ್ಯಾಗ ಕಲ್ತಿದ್ದು ಕಾಗದದ ಮ್ಯಾಲ ಇರಂಗಿಲ್ರಿ."

ಅವನು ಹೇಳಿದ್ದು ಸರಿಯಾಗಿಯೇ ಇದೆ. ಅರಬ್ಬಿಯಲ್ಲಿ ಬರೆಯುವ ಭಾಷೆಗೆ ಫುಸ್‌ಹಾ ಎನ್ನುತ್ತಾರೆ. ಕುರಾನು, ಹಳೆಯ ಕಾವ್ಯ, ಇವತ್ತಿನ ಪತ್ರಿಕೆ, ಟಿವಿ ವಾರ್ತೆ, ಕೋರ್ಟಿನ ಕಾಗದ, 1973ರಿಂದ ವಿಶ್ವಸಂಸ್ಥೆಯಲ್ಲಿ ಅಧಿಕೃತ ಭಾಷೆಯಾಗಿರುವ ಅರಬ್ಬಿ, ಎಲ್ಲವೂ ಫುಸ್‌ಹಾ. ಮನೆಯಲ್ಲಿ, ಬಜಾರಿನಲ್ಲಿ ಆಡುವುದಕ್ಕೆ ಆಮ್ಮಿಯಾ ಎನ್ನುತ್ತಾರೆ. ಅದು ಊರಿಗೊಂದು, ಸೀಮೆಗೊಂದು. ಫುಸ್‌ಹಾ ಯಾವ ತಾಯಿಯೂ ತೊಟ್ಟಿಲ ಬಳಿ ಆಡುವ ಮಾತಲ್ಲ, ಅರಬರ ಮಕ್ಕಳೂ ಅದನ್ನು ಶಾಲೆಯಲ್ಲೇ ಕಲಿಯಬೇಕು. ಚಾರ್ಲ್ಸ್ ಫರ್ಗುಸನ್ ಎಂಬ ಅಮೆರಿಕದ ಭಾಷಾಶಾಸ್ತ್ರಜ್ಞ 1959ರಲ್ಲಿ ಇದಕ್ಕೆ 'ಡೈಗ್ಲಾಸಿಯಾ' ಎಂದು ಹೆಸರಿಟ್ಟು ಲೇಖನ ಬರೆದಾಗ ಅವನು ತೆಗೆದುಕೊಂಡ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿ ಒಂದು. ಕನ್ನಡ ಮಾಸ್ತರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಠ್ಯಪುಸ್ತಕದಲ್ಲಿ 'ಮಾಡುತ್ತಿದ್ದೇನೆ' ಎಂದು ಓದಿಸಿ ಹೊರಗೆ ಬಂದರೆ ಹುಡುಗ 'ಮಾಡ್ಲಾಕತ್ತೀನ್ರಿ' ಅನ್ನುತ್ತಾನೆ. ಅರಬ್ಬಿಯಲ್ಲಿ ಅಂತರ ಇದಕ್ಕಿಂತ ಬಹಳ ದೊಡ್ಡದು, ಅಷ್ಟೇ.

ಇನ್ನೊಂದು ಮೂರನೆಯ ತರಹದವರೂ ಇದ್ದಾರೆ. ಅರಬ್ಬಿ ಗೊತ್ತಿದ್ದೂ ಗೊತ್ತಿದೆ ಅಂತ ಗೊತ್ತಿಲ್ಲದವರು. ಅಂದರೆ ನಾವು ನೀವೆಲ್ಲ. ಅದರಿಂದಲೇ ಶುರು ಮಾಡೋಣ.

ಅರಬ್ಬಿ ವರ್ಣಮಾಲೆಯ 28 ಅಕ್ಷರಗಳಲ್ಲಿ 'ದಾದ್' ಅಂತ ಒಂದಿದೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಗಂಟಲು ಬಿಗಿದು ಹೇಳುವ ದಪ್ಪ ದಕಾರ ಎನ್ನಬಹುದು. ಈ ಅಕ್ಷರ ಬೇರೆಯವರ ಬಾಯಲ್ಲಿ ಹೊರಳುವುದಿಲ್ಲ ಎಂಬ ಹೆಮ್ಮೆಯಿಂದ ಅರಬರು ತಮ್ಮ ನುಡಿಯನ್ನು 'ದಾದ್ ಅಕ್ಷರದ ಭಾಷೆ' ಎಂದೇ ಕರೆಯುತ್ತಾರೆ. ನಿಜವಾಗಿಯೂ ಪಾರಸಿಯವರ ಬಾಯಲ್ಲಿ ಅದು ಹೊರಳಲಿಲ್ಲ, 'ಜ಼' ಆಯಿತು. ಪಾರಸಿಯಿಂದ ನಮ್ಮ ದಫ್ತರಗಳಿಗೆ ಬಂದಾಗ ಚುಕ್ಕಿಯೂ ಹೋಗಿ ಬರೀ 'ಜ' ಉಳಿಯಿತು. ಈಗ ನೋಡಿ: ಹಾದಿರ್ ಎಂಬುದು ಹಾಜರ್ ಆಗಿ ನಮ್ಮ ಹಾಜರಿ ಪುಸ್ತಕಕ್ಕೆ ಬಂತು. ರಿದಾ, ಅಂದರೆ ಒಪ್ಪಿಗೆ, ರಜಾ ಆಗಿ ನಮ್ಮ ರಜೆ ಆಯಿತು. (ಮಾಸ್ತರರ ಬದುಕು ಪೂರ್ತಿ ಈ ಒಂದು ಅಕ್ಷರದಲ್ಲಿದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರೆ ಯಾರೂ ನಗಲಿಲ್ಲ!) ಅರ್ಜಿ, ಮರ್ಜಿ, ರಾಜಿ, ಗರಜು, ಕರ್ಜು, ಜಪ್ತಿ, ಜಾಮೀನು, ಖಾಜಿ, ಎಲ್ಲದರ ಜಕಾರವೂ ಆ ದಾದ್ ಅಕ್ಷರವೇ. ಜಿಲ್ಲೆ ಎನ್ನುವುದು 'ದಿಲ್‌ಅ್', ಅಂದರೆ ಪಕ್ಕೆಲುಬು, ಪಕ್ಕ. ಮೌಜೆ ಎನ್ನುವುದು 'ಮೌದಿ', ಅಂದರೆ ಸ್ಥಳ. ಜಹೀರಾಬಾದಿನ ಮೊದಲ ಅರ್ಧವೂ ಅರಬ್ಬಿಯೇ. ಜಹೀರ್ ಎಂದರೆ ಬೆಂಬಲಕ್ಕೆ ನಿಲ್ಲುವವನು. ಆದರೆ ಅಲ್ಲಿಯ ಜಕಾರ ದಾದ್ ಅಲ್ಲ, ಅದರ ತಮ್ಮನಂತಿರುವ ಇನ್ನೊಂದು ಅಕ್ಷರ. ಆಬಾದ್ ಪಾರಸಿ.

ಈ ಶಬ್ದಗಳು ಬಂದ ದಾರಿ ಗೊತ್ತೇ ಇದೆ. ಬಹಮನಿ, ಬರೀದ್ ಶಾಹಿ, ಮೊಗಲ್, ಆಮೇಲೆ ನಿಜಾಮ. ನಿಜಾಮರ ದಫ್ತರದಲ್ಲಿ 1880ರ ದಶಕದವರೆಗೆ ಪಾರಸಿ, ಆಮೇಲೆ ಉರ್ದು. ಜಹೀರಾಬಾದ್, ನಾರಾಯಣಖೇಡ್ ಆಗ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗ ಜಿಲ್ಲೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಗಳು ಒಡೆದು ನಾವು ಆಂಧ್ರಪ್ರದೇಶಕ್ಕೆ ಬಂದೆವು, 2014ರಿಂದ ತೆಲಂಗಾಣ. ಗಡಿ ಎಲ್ಲಿಗೆ ಸರಿದರೂ ತಾಲ್ಲೂಕು, ತಹಶೀಲು, ಬಾಕಿ, ವಸೂಲಿ, ಅಸಲು, ನಕಲು, ರದ್ದು ಮಾತ್ರ ಎರಡೂ ಕಡೆ ಇದ್ದಲ್ಲೇ ಇವೆ. ಕನ್ನಡದ ಹುಡುಗನಿಗೂ ತೆಲುಗಿನ ಹುಡುಗನಿಗೂ ಸಮನಾಗಿ ಅರ್ಥವಾಗುತ್ತವೆ.

ಇಲ್ಲಿ ಒಂದು ಉಪಯೋಗದ ಸಂಗತಿ ಇದೆ. ಅರಬ್ಬಿ ಕಲಿಯುವವರಿಗೆ ಮೊದಲು ಕಷ್ಟವಾಗುವುದು ಧಾತುವಿನ ಲೆಕ್ಕ. ಮೂರು ವ್ಯಂಜನ ಇಟ್ಟುಕೊಂಡು ಸ್ವರ ಬದಲಿಸುತ್ತ, ಹಿಂದೆ ಮುಂದೆ ಒಂದೊಂದು ಅಕ್ಷರ ಸೇರಿಸುತ್ತ ಹತ್ತಾರು ಶಬ್ದ ಹುಟ್ಟಿಸುತ್ತಾರೆ. ಪುಸ್ತಕಗಳಲ್ಲಿ ಇದಕ್ಕೆ ಕ-ತ-ಬ ಎಂಬ ಉದಾಹರಣೆ ಕೊಡುತ್ತಾರೆ: ಕಿತಾಬ್ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಬರೆಯುವ ಜಾಗ. ನಮ್ಮ ಕಡೆಯವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಾಜರ್ ಮತ್ತು ಹುಜೂರ್ ಒಂದೇ ಧಾತು. ಎದುರಿಗೆ ಇರುವವನು, ಎದುರಿಗೆ ಇರುವಿಕೆ. ತಹಶೀಲು, ಮಹಸೂಲು ಒಂದೇ ಧಾತು, ಕೈಗೆ ಬರುವುದು ಎಂಬ ಅರ್ಥದ್ದು. ಫಸಲು, ಫೈಸಲು ಒಂದೇ. ಎರಡರಲ್ಲೂ ಬೇರ್ಪಡಿಸುವ ಅರ್ಥವಿದೆ, ಒಂದು ಋತುವನ್ನು, ಇನ್ನೊಂದು ತಕರಾರನ್ನು. ಹಳೆಯ ಪಹಣಿಯಲ್ಲಿ ಕಾಣುವ ಫಸಲಿ ಇಸವಿಯೂ ಅದೇ ಮನೆಯದು. ಜಮಾ, ಜಮಾತು, ಜಮಾಬಂದಿ, ಜುಮ್ಮಾ ಎಲ್ಲ ಕೂಡುವ ಧಾತು. ಪಟವಾರಿಯ ದಫ್ತರವನ್ನು ಮುಂದಿಟ್ಟುಕೊಂಡು ಅರಬ್ಬಿ ವ್ಯಾಕರಣದ ಮೊದಲ ತಿಂಗಳ ಪಾಠ ಮುಗಿಸಬಹುದು.

ಇನ್ನು ಓದುವ ಅರಬ್ಬಿಯ ಕತೆ. ಬೀದರಿನ ಮಹಮೂದ್ ಗಾವಾನ್ ಮದರಸಾ ನೋಡದವರು ನಮ್ಮಲ್ಲಿ ಕಡಿಮೆ, ಶಾಲೆಯ ಪ್ರವಾಸ ಎಂದರೆ ಅದೇ. ಇರಾನಿನ ಗಿಲಾನ್ ಸೀಮೆಯಿಂದ ಬಂದು ಬಹಮನಿಗಳ ಮಂತ್ರಿಯಾದ ಗಾವಾನ್ ಅದನ್ನು 1472ರ ಹೊತ್ತಿಗೆ ಕಟ್ಟಿಸಿದ. ಗೋಡೆಯ ಮೇಲೆ ನೀಲಿ ಬಿಳಿ ಹೆಂಚಿನಲ್ಲಿ ಬರೆದಿರುವುದು ಅರಬ್ಬಿ. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹಾರಿಹೋಯಿತು, ಬರವಣಿಗೆ ಅಲ್ಲಲ್ಲಿ ಉಳಿದಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಗಾವಾನನಿಗೂ ಅರ್ಧ ಶತಮಾನ ಮುಂಚಿನ ಒಬ್ಬ ಅರಬ್ಬಿ ಮೇಷ್ಟ್ರ ಹೆಸರು ಮಾತ್ರ ನಮ್ಮ ಪಾಠಗಳಲ್ಲಿ ಇಲ್ಲ. ಬದ್ರುದ್ದೀನ್ ದಮಾಮೀನಿ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ 1362ರಲ್ಲಿ ಹುಟ್ಟಿದವನು. ಕೈರೋದಲ್ಲಿ ವ್ಯಾಕರಣ ಹೇಳಿಕೊಟ್ಟ. ನೇಯ್ಗೆಯ ಕಾರಖಾನೆ ಇಟ್ಟು ಸಾಲದಲ್ಲಿ ಮುಳುಗಿದ. ಅಲ್ಲಿಂದ ಮೆಕ್ಕಾ, ಯೆಮೆನಿನ ಜಬೀದ್, ಆಮೇಲೆ ಗುಜರಾತ್, ಕೊನೆಗೆ ನಮ್ಮ ಕಲಬುರಗಿ. ಅಲ್ಲೇ 1424ರಲ್ಲಿ ತೀರಿಕೊಂಡ. ಇಬ್ನ್ ಹಿಶಾಮನ ಪ್ರಸಿದ್ಧ ವ್ಯಾಕರಣಕ್ಕೆ ಅವನು ಭಾರತದಲ್ಲಿದ್ದಾಗ ಬರೆದ ವ್ಯಾಖ್ಯಾನವನ್ನು ಅರಬ್ಬಿ ವಿದ್ವಾಂಸರು ಇವತ್ತಿಗೂ ಉಲ್ಲೇಖಿಸುತ್ತಾರೆ. ಸಾಲಗಾರರಿಂದ ತಪ್ಪಿಸಿಕೊಂಡು ಊರು ಬಿಟ್ಟ ಈಜಿಪ್ಟಿನ ಮೇಷ್ಟ್ರು ಕಲಬುರಗಿಗೆ ಬಂದ. ಸಾಲ ತೀರಿಸಲು ಊರು ಬಿಟ್ಟ ನಮ್ಮ ಹುಡುಗರು ಅದೇ ಸಮುದ್ರದ ಆಚೆಗೆ ಹೋಗುತ್ತಾರೆ. ದಾರಿ ಒಂದೇ, ದಿಕ್ಕು ಬೇರೆ.

ವ್ಯಾಕರಣ ಬರೆಯುವುದು ಹೊರಗಿನಿಂದ ಬಂದು ಕಲಿತವರ ಕೆಲಸ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅರಬ್ಬಿಯ ಮೊದಲ ದೊಡ್ಡ ವ್ಯಾಕರಣ ಬರೆದ ಎಂಟನೆಯ ಶತಮಾನದ ಸೀಬವೈಹಿ ಪಾರಸಿಯವನು. ನಮ್ಮ ದೊಡ್ಡ ನಿಘಂಟು ಮಾಡಿದ ಕಿಟೆಲ್ ಜರ್ಮನಿಯವರು. ಇರಲಿ.

ಹೈದರಾಬಾದಿನಲ್ಲಿ ಈ ಓದುವ ಅರಬ್ಬಿ ಬಹಳ ಎತ್ತರಕ್ಕೆ ಹೋಯಿತು. 1888ರಲ್ಲಿ ಸ್ಥಾಪನೆಯಾದ ದಾಯಿರತುಲ್ ಮಆರಿಫ್ ಎಂಬ ಸಂಸ್ಥೆ ಹಳೆಯ ಅರಬ್ಬಿ ಕೈಬರಹಗಳನ್ನು ಹುಡುಕಿ, ಪಾಠ ಒಪ್ಪ ಮಾಡಿ ಅಚ್ಚು ಹಾಕಿತು. ಹತ್ತನೆಯ ಶತಮಾನದ ಇಬ್ನ್ ದುರೈದನ ಅರಬ್ಬಿ ನಿಘಂಟು 1920ರ ದಶಕದಲ್ಲಿ ಅಚ್ಚಾದದ್ದು ಇಲ್ಲಿ. ಭಾರತದ ಬಗ್ಗೆ ಅಲ್ ಬಿರೂನಿ ಬರೆದ ಗ್ರಂಥವನ್ನು 1958ರಲ್ಲಿ ಇದೇ ಸಂಸ್ಥೆ ಪ್ರಕಟಿಸಿತು. ಅರಬ್ ದೇಶಗಳ ವಿದ್ವಾಂಸರು ತಮ್ಮ ಪುಸ್ತಕವನ್ನು ಹೈದರಾಬಾದ್ ಮುದ್ರಣದಲ್ಲಿ ಓದಿದರು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ವಿಜ್ಞಾನ, ಕಾನೂನಿನ ಪಾರಿಭಾಷಿಕ ಶಬ್ದಗಳಿಗೆ ಅಲ್ಲಿಯ ಅನುವಾದ ವಿಭಾಗದವರು ಹೆಚ್ಚಾಗಿ ಅರಬ್ಬಿ ಧಾತುಗಳನ್ನೇ ಹಿಡಿದರು. ಕನ್ನಡ ಮನೆಮಾತಿನ ನಮ್ಮ ಹಿರಿಯರು ಮೇಲಿನ ತರಗತಿಗೆ ಹೋದರೆ ಓದಬೇಕಾದದ್ದು ಹೀಗೆ ಎರಡು ಸಲ ದೂರವಾದ ಭಾಷೆಯಲ್ಲಿ. ಅವರ ಕಷ್ಟವನ್ನು ಮರೆಯುವಂತಿಲ್ಲ. 1948ರ ನಂತರ ಹುಟ್ಟಿದ ನಮಗೆ ಕನ್ನಡ ಶಾಲೆ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಆ ಸಿಟ್ಟಿನಲ್ಲಿ ಆ ಹಿರಿಯರಿಗೆ ಗೊತ್ತಿದ್ದ ಲಿಪಿಯನ್ನೂ ನಾವು ಕಳೆದುಕೊಂಡೆವು. ಅಜ್ಜನ ಕಾಲದ ಜಮೀನಿನ ಕಾಗದ ಮನೆಯ ಟ್ರಂಕಿನಲ್ಲಿದೆ, ಓದುವವರು ಊರಲ್ಲಿ ಇಲ್ಲ.

ಮಾತಾಡುವ ಅರಬ್ಬಿ ಬೇರೆ ಬಾಗಿಲಿನಿಂದ ಬಂತು. ಯೆಮೆನಿನ ಹದ್ರಮೌತ್ ಸೀಮೆಯ ಬಡ ಅರಬರು ನಿಜಾಮನ ಸೈನ್ಯಕ್ಕೆ ಬಂದು ಸೇರಿದರು. ಖಜಾನೆ ಕಾಯುವುದು, ಜಹಗೀರುದಾರರ ಗಢಿಗಳಲ್ಲಿ ಪಹರೆ, ಬಡ್ಡಿ ವ್ಯವಹಾರ, ಬಾಕಿ ವಸೂಲಿ ಅವರ ಕೆಲಸ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅರಬ್ ಜಮಾದಾರರ ಕೈ ಎಷ್ಟು ಉದ್ದವಾಗಿತ್ತೆಂದರೆ, 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗ್ ಅವರನ್ನು ಹತೋಟಿಗೆ ತರುವುದನ್ನೇ ಒಂದು ದೊಡ್ಡ ಕೆಲಸ ಮಾಡಿಕೊಳ್ಳಬೇಕಾಯಿತು. ಆ ಜಮಾದಾರರಲ್ಲೇ ಒಬ್ಬನಾದ ಉಮರ್ ಬಿನ್ ಅವದ್ ಅಲ್ ಕುಐತಿಯ ವಂಶದವರು ಹೈದರಾಬಾದಿನಲ್ಲಿ ಗಳಿಸಿದ ಹಣದಿಂದ ತಮ್ಮ ನಾಡಿನಲ್ಲಿ ಮುಕಲ್ಲಾ ರಾಜಧಾನಿಯಾಗಿ ಒಂದು ಸುಲ್ತಾನಗಿರಿಯನ್ನೇ ಕಟ್ಟಿದರು. ಅದು 1967ರವರೆಗೆ ಇತ್ತು. ಹೈದರಾಬಾದಿನಲ್ಲಿ ಉಳಿದವರ ವಸತಿ ಬಾರ್ಕಸ್. ಬ್ಯಾರಕ್ಸ್ ಎಂಬ ಇಂಗ್ಲಿಷ್ ಶಬ್ದ ಅರಬರ, ಉರ್ದುವಿನವರ ಬಾಯಲ್ಲಿ ಹಾಗಾಯಿತು. ಅಲ್ಲಿ ಹದ್ರಮಿ ಮಾತು ಮನೆಗಳಲ್ಲಿ ಕೆಲವು ತಲೆಮಾರು ಉಳಿಯಿತು. ರಮಜಾನಿನ ಹಲೀಮಿನ ಮೂಲವೂ ಅರಬರ ಹರೀಸ್.

ಗಮನಿಸಿ, ಒಂದೇ ನಗರ. ಒಂದು ಮೂಲೆಯಲ್ಲಿ ಇಬ್ನ್ ದುರೈದನ ನಿಘಂಟಿನ ಕರಡು ತಿದ್ದುವ ಮೌಲವಿಗಳು. ಇನ್ನೊಂದು ಮೂಲೆಯಲ್ಲಿ ಅರಬ್ಬಿಯನ್ನೇ ತಾಯಿಯಿಂದ ಕಲಿತ ಪಹರೆಯ ಸಿಪಾಯಿಗಳು. ಪುಸ್ತಕದ ಅರಬ್ಬಿಗೆ ಮಾನ, ಬಾಯಿಯ ಅರಬ್ಬಿಗೆ ಕಿಮ್ಮತ್ತಿಲ್ಲ. ಸಿಪಾಯಿಯ ಮಾತನ್ನು ಯಾವ ಮದರಸಾವೂ ಪಾಠ ಮಾಡಲಿಲ್ಲ.

ಬಾಯಿಯ ಅರಬ್ಬಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಕರ್ನಾಟಕದ ಕರಾವಳಿಯಲ್ಲಿದೆ. ಸ್ವಲ್ಪ ದೂರ ಹೋಗಿ ಬರೋಣ. ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಟುನೀಸಿಯ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಅವನ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಕಾಗದದ ಕೋಣೆಯಲ್ಲಿ ಉಳಿದುಬಂದವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ, ನಮ್ಮ ಮಕ್ಕಳು ಕೆಲವೊಮ್ಮೆ ಕನ್ನಡವನ್ನು ತೆಲುಗು ಅಕ್ಷರದಲ್ಲಿ ಬರೆಯುವಂತೆ. ವ್ಯಾಪಾರಿಯ ಅರಬ್ಬಿಯಾದ್ದರಿಂದ ಪೂರ್ತಿ ಫುಸ್‌ಹಾ ಅಲ್ಲ, ಆಡುಮಾತು ಒಳಗೆ ನುಗ್ಗಿದೆ. ಲೇಖಕ ಅಮಿತಾವ್ ಘೋಷ್ 1980ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ಉಳಿದು ರೈತರ ಅರಬ್ಬಿ ಕಲಿತಿದ್ದರು. ಮುಂದೆ ಈ ಪತ್ರಗಳನ್ನು ಓದಲು ಕೂತಾಗ ಆ ಹಳ್ಳಿಯ ಮಾತೇ ಅವರ ಕೈ ಹಿಡಿಯಿತು. ಬೆನ್ ಯಿಜುವಿನ ಆಳು ಬೊಮ್ಮನ ಹೆಸರಿನ ಗುಟ್ಟು ಬಿಡಿಸಿಕೊಟ್ಟವರು ಮಂಗಳೂರಿನ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರು, ತುಳುವಿನ ಬೆರ್ಮೆ ದೈವದ ಮೂಲಕ. ಇದೆಲ್ಲ 1992ರಲ್ಲಿ ಬಂದ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಲ್ಲಿದೆ. ರೈತನ ಮಾತು ಕಲಿಯದೆ ಬರೀ ಪಂಡಿತರ ಅರಬ್ಬಿ ಕಲಿತಿದ್ದರೆ ಆ ಮಂಗಳೂರು ನಮಗೆ ಅಷ್ಟು ಹತ್ತಿರವಾಗಿ ಕಾಣುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಈಗ ನಮ್ಮ ಹುಡುಗರ ಕಡೆಗೆ ಬರೋಣ. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆಗಳ ಕೆಲಸ ಶುರುವಾದ ಮೇಲೆ ತೆಲಂಗಾಣದಿಂದ ಜನ ಹೋಗತೊಡಗಿದರು. ಅಲ್ಲಿಗೆ ನಮ್ಮ ಶಬ್ದಗಳು ಅದಕ್ಕೂ ಮೊದಲೇ ಹೋಗಿದ್ದವು. 1960ರ ದಶಕದವರೆಗೆ ಅಲ್ಲಿಯ ಹಲವು ನಾಡುಗಳಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಅವರಿಗಾಗಿ ಬೇರೆ ಬಣ್ಣದ ನೋಟನ್ನೇ ಅಚ್ಚು ಹಾಕಿತ್ತು. ನೇರ ಹೋಗು ಎನ್ನಲು ಕೊಲ್ಲಿಯ ಅರಬನೂ 'ಸೀದಾ' ಅನ್ನುತ್ತಾನೆ.

ಅಲ್ಲಿ ಕಿವಿಗೆ ಬೀಳುವುದು ಪುಸ್ತಕದಲ್ಲಿಲ್ಲ. 'ಈಗ' ಎನ್ನಲು ಫುಸ್‌ಹಾದಲ್ಲಿ ಅಲ್ ಆನ್, ಕೊಲ್ಲಿಯಲ್ಲಿ ಅಲ್ ಹೀನ್, ಕೈರೋದಲ್ಲಿ ದಿಲ್ವಅತಿ, ಬೈರುತ್‌ನಲ್ಲಿ ಹಲ್ಲಅ. 'ಬೇಕು' ಎನ್ನಲು ಉರೀದ್, ಅಬ್ಗಾ ಅಥವಾ ಅಬೀ, ಆಯಿಜ್, ಬಿದ್ದಿ. ಹೃದಯ ಎಂಬರ್ಥದ ಕಲ್ಬ್ ಕೊಲ್ಲಿಯಲ್ಲಿ ಗಲ್ಬ್ ಆಗುತ್ತದೆ, ಕೈರೋದಲ್ಲಿ ಮೊದಲ ಅಕ್ಷರವೇ ನುಂಗಿಹೋಗಿ ಅಲ್ಬ್. ಇನ್ನೊಂದು ಬದಲಾವಣೆ ನನಗೆ ಬಹಳ ಇಷ್ಟ. ಕುವೈತ್, ಎಮಿರೇಟ್ಸ್ ಮಾತಿನಲ್ಲಿ ಎಷ್ಟೋ ಕಡೆ ಕಕಾರ ಚಕಾರವಾಗುತ್ತದೆ. 'ಎಷ್ಟು' ಎಂಬ ಕಮ್ ಅಲ್ಲಿ ಚಮ್, ಮೀನು ಸಮಕ್ ಅಲ್ಲಿ ಸಿಮಚ್. ಪುಸ್ತಕ ಓದಿ ಬಂದವರು ಇದನ್ನು ಕೇಳಿ ಕಂಗಾಲಾಗುತ್ತಾರೆ. ಜಹೀರಾಬಾದಿನ ಹುಡುಗ ಯಾಕೆ ಕಂಗಾಲಾಗಬೇಕು? ಅವನು ಮನೆಯಲ್ಲಿ ಕೆರೆ ಅಂದು ಬಜಾರಿನಲ್ಲಿ ಚೆರುವು ಅನ್ನುವವನು. ಕಿವಿ ತೆಲುಗಿನಲ್ಲಿ ಚೆವಿ, ಕೈ ಚೆಯ್ಯಿ. ನಾಲಿಗೆ ಮುಂದಕ್ಕೆ ಚಾಚುವ ಸ್ವರದ ಪಕ್ಕ ಕಕಾರ ಚಕಾರಕ್ಕೆ ಜಾರುವುದು ಇಲ್ಲಿಯೂ ನಡೆದಿದೆ, ಅಲ್ಲಿಯೂ ನಡೆದಿದೆ. ಗಡಿಯ ಮಗುವಿಗೆ ಈ ಲೆಕ್ಕ ಹೇಳಿಕೊಡದೆಯೇ ಗೊತ್ತಿದೆ.

ಆದರೆ ನಮ್ಮ ಹುಡುಗರಿಗೆ ಈ ಆಡುಮಾತೂ ಪೂರ್ತಿ ಸಿಗುವುದಿಲ್ಲ. ಕ್ಯಾಂಪಿನಲ್ಲಿ ಜೊತೆಗಿರುವವರು ನೇಪಾಳಿ, ಬಂಗಾಳಿ, ಮಲಯಾಳಿ. ಅರಬನೂ ಇವರಿಗೆ ಅರ್ಥವಾಗಲೆಂದು ಮುರಿದು ಮಾತಾಡುತ್ತಾನೆ. ಹೀಗೆ ಹುಟ್ಟಿದ್ದು ಒಂದು ಮೂರನೆಯ ಅರಬ್ಬಿ: 'ಅನಾ ಫೀ ರೂಹ್', ನಾನು ಹೋಗುತ್ತೇನೆ, 'ಸೇಮ್ ಸೇಮ್', ಅದೇ ತರಹ. ಅದರಲ್ಲಿ ಇಲ್ಲ ಎನ್ನಲು ಇರುವುದು ಒಂದೇ ಶಬ್ದ, 'ಮಾಫಿ'. ನಮ್ಮ ಕಡೆ ಸಾಲಮಾಫಿ ಅಂದರೆ ಊರಿಗೆಲ್ಲ ಸಂತೋಷ. ಅಲ್ಲಿ ತಿಂಗಳ ಕೊನೆಗೆ ಮುಕಾದಮ ಬಂದು 'ಫುಲೂಸ್ ಮಾಫಿ' ಎಂದರೆ ದುಡ್ಡು ಇಲ್ಲ ಎಂದರ್ಥ.

ಅಂಥ ಹೊತ್ತಿನಲ್ಲಿ ತಕರಾರು ಕೊಡಬೇಕಾದರೆ ಈ ಮುರುಕು ಅರಬ್ಬಿ ಸಾಲದು. ಕರಾರು ಪತ್ರ ಇರುವುದು ಫುಸ್‌ಹಾದಲ್ಲಿ. ಪಕ್ಕದಲ್ಲಿ ಇಂಗ್ಲಿಷ್ ಇರಬಹುದು. ಆದರೆ ಸೌದಿಯ 2005ರ ಕಾರ್ಮಿಕ ಕಾನೂನಿನ ಒಂಬತ್ತನೆಯ ಕಲಮಿನ ಪ್ರಕಾರ ಎರಡು ಭಾಷೆಯಲ್ಲಿದ್ದರೆ ಅರಬ್ಬಿಯದೇ ಮಾತು ನಡೆಯುತ್ತದೆ. ಹತ್ತನೆಯ ತರಗತಿ ಪಾಸಾಗದವರಿಗೆ ಅಲ್ಲಿಗೆ ಹೋಗಲು ಸರಕಾರದ ಪ್ರತ್ಯೇಕ ಅನುಮತಿ ಬೇಕೆಂಬ ನಿಯಮವಿದೆ, ಅದು ಅವರ ರಕ್ಷಣೆಗೇ ಇರುವುದು. ಹತ್ತನೆಯದು ಪಾಸಾದವನಿಗೂ ಆ ಕಾಗದ ಓದಲು ಬರುವುದಿಲ್ಲವಲ್ಲ! ಅರ್ಧ ಸೀಳು ಕಾಗದ ತೋರಿಸಿ ಸಹಿ ಹಾಕಿಸಿಕೊಂಡರು ಎಂದು ರಜೆಗೆ ಬಂದವರು ಹೇಳುವುದನ್ನು ಕೇಳಿದ್ದೇನೆ.

ಪೂರ್ತಿ ಭಾಷೆ ಬೇಡ, ಒಂದು ವಾರದ ಪಾಠ ಸಾಕು ಎಂದು ನನಗೆ ಅನ್ನಿಸುತ್ತದೆ. ಅಕ್ದ್ ಎಂದರೆ ಕರಾರು. ರಾತಿಬ್ ಎಂದರೆ ಸಂಬಳ. ಇಜಾಜಾ ಎಂದರೆ ರಜೆ. ನಾವು ಅವರ ಒಪ್ಪಿಗೆಯ ಶಬ್ದವನ್ನು ರಜೆ ಮಾಡಿಕೊಂಡೆವು, ಅವರು ಅನುಮತಿಯ ಶಬ್ದವನ್ನು. ಕಫೀಲ್ ಎಂದರೆ ಹೊಣೆಗಾರ, ನಮ್ಮ ಜಾಮೀನುದಾರನ ಅಣ್ಣ. ಇದರ ಜೊತೆಗೆ ಅಂಕಿ. ಅರಬರು ತಮ್ಮ ಅಂಕಿಗಳನ್ನು 'ಹಿಂದಿ ಅಂಕಿ' ಎಂದೇ ಕರೆಯುತ್ತಾರೆ, ಇಲ್ಲಿಂದ ಹೋದವು ಎಂದು ಅವರಿಗೆ ಗೊತ್ತಿದೆ. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಯನ್ನು ನಮ್ಮ ಹಾಗೆ ಎಡದಿಂದಲೇ ಓದುತ್ತಾರೆ. ಒಂದು ನೆಟ್ಟಗಿನ ಗೀಟು, ಅದು ನಮಗೂ ಗೊತ್ತಾಗುತ್ತದೆ. ಮೋಸ ಇರುವುದು ಎರಡು ಕಡೆ. ನಮ್ಮ ಸೊನ್ನೆಯಂಥ ಉಂಗುರ ಅವರಿಗೆ ಐದು. ಅವರ ಸೊನ್ನೆ ಬರೀ ಒಂದು ಚುಕ್ಕಿ. ಹೀಗಾಗಿ ಸಂಬಳದ ಕಾಲಂನಲ್ಲಿ 1500 ರಿಯಾಲ್ ಎನ್ನುವುದು ಒಂದು ಗೀಟು, ಒಂದು ಉಂಗುರ, ಎರಡು ಚುಕ್ಕಿ.